ಅಳತೆ ಪುಸ್ತಕ

ಮೆಡಿಕಲ್ ಶಾಪಿನ ಹುಡುಗನಿಗೆ
ಕಾಲ್ಬೆರಳ ಸಂದಿಗೆ ಅಂದಿದ್ದೆ.
ಮೂರು ವರ್ಷ ಅದೇ ಸುಳ್ಳು, ಅದೇ ಹುಳುಕಡ್ಡಿ ಮುಲಾಮು.
"ಎಷ್ಟು ಬೆರಳಮ್ಮ ನಿಮಗೆ?" ಎಂದು ನಕ್ಕ ಒಮ್ಮೆ.
ನಾನೂ ನಕ್ಕೆ. ನಗುವಾಗ ಉರಿಯಿತು.

ನವೆಗೆ ಗಡಿಯಾರ ಗೊತ್ತು.
ಹಗಲೆಲ್ಲ ಮಿಷಿನ್ನಿನ ಮುಂದೆ ಸುಮ್ಮನೆ ಕೂತಿದ್ದು
ಶ್ರೀರಾಮಪುರದ ಮೇಲೆ ಕೊನೇ ಮೆಟ್ರೋ ಹಾದ ಮೇಲೆ ಏಳುತ್ತದೆ.
ಎರಡೂ ಕೈ ತೊಡೆಯಡಿ ಒತ್ತಿಟ್ಟು
ಮಗ್ಗುಲ ಮೊಮ್ಮಗಳ ಉಸಿರು ಎಣಿಸುತ್ತಿದ್ದೆ.

ನಾದಿನಿ ಪಿಳ್ಳಮ್ಮ ಬೇವಿನೆಲೆ ಕುದಿಸಿ ಕೊಟ್ಟಳು.
ಆಮೇಲೆ ಡೆಟಾಲು. ಆಮೇಲೆ ಹರಕೆ.
"ಮುಟ್ಟು ನಿಂತವರಿಗೆ ಇದೆಲ್ಲ ಇದ್ದದ್ದೇ ಕಣೆ."
ಕ್ಲಿನಿಕ್ಕಿನವರು ಸಕ್ಕರೆ ನೋಡಿದರು, ಉಚ್ಚೆ ನೋಡಿದರು,
ನವೆ ಇರುವ ಜಾಗ ಒಂದು ಬಿಟ್ಟು.

ಹೊಲಿಗೆಯವಳಿಗೆ ಎಲ್ಲಕ್ಕೂ ಹೆಸರು ಗೊತ್ತು:
ಟಕ್ಸು, ಕ್ರಾಸ್ ಪಟ್ಟಿ, ಕಾಜಾ, ಪಿಕೊ.
ಅದಕ್ಕೆ ಮಾತ್ರ "ಅಲ್ಲಿ".
ಇನ್ನೊಂದು ಹೆಸರಿದೆ, ನಲ್ಲಿ ಜಗಳದಲ್ಲಿ ನಾನೂ ಕೂಗಿದ್ದೇನೆ.
ಅದನ್ನು ಡಾಕ್ಟರ ಮುಂದೆ ಹೇಳಲಾದೀತೆ?

"ಯೋನಿಯ ತುಟಿ" ಎಂದರು ಡಾಕ್ಟರ್ ಹಾಜಿರಾ,
ಮೇಜಿನ ಕಾಲು ಅನ್ನುವಷ್ಟು ಸಲೀಸಾಗಿ,
ಕೈಗೆ ಕನ್ನಡಿ ಕೊಟ್ಟರು.
ಐವತ್ತೆಂಟು ವರ್ಷಕ್ಕೆ ಮೊದಲ ಸಲ ನೋಡಿದೆ:
ನೂರು ಸಲ ಒಗೆದ ಮಲ್ಲು ಬಟ್ಟೆಯ ಹಾಗೆ
ಬಿಳಿ, ತೆಳು, ಸುಕ್ಕು.
ಒಂದು ಅಂಚು ಇನ್ನೊಂದಕ್ಕೆ ಕೂಡಿಕೊಂಡಿತ್ತು,
ಯಾರೋ ಒಳಗಿಂದ ಹೆಮ್ಮಿಂಗ್ ಹಾಕಿ ಹೋದಂತೆ.

ಲೈಕೆನ್ ಸ್ಕ್ಲೆರೋಸಸ್.
ಕನ್ನಡದಲ್ಲೇ ಬರೆದುಕೊಟ್ಟರು, ಓದಿಕೊಂಡೆ.
"ಕೊಳಕಿನಿಂದ ಬಂದದ್ದಲ್ಲ.
ಗಂಡನಿಂದ ಬಂದದ್ದಲ್ಲ.
ಯಾರಿಗೂ ಅಂಟುವುದಿಲ್ಲ."
ಮೂರಕ್ಕೂ ಅಳು ಬಂತು, ಎರಡನೆಯದಕ್ಕೆ ಜಾಸ್ತಿ.
ಸತ್ತವನನ್ನು ದಿನಾ ರಾತ್ರಿ ಬೈದುಕೊಂಡೇ ಮಲಗುತ್ತಿದ್ದೆ.

ಆಮೇಲೆ ಅವರ ಬೆರಳು ನಿಂತಿತು,
ಬಟ್ಟೆಯಲ್ಲಿ ಗಂಟು ಸಿಕ್ಕಾಗ ನನ್ನದು ನಿಲ್ಲುವ ಹಾಗೆ.
"ಎಡಕ್ಕೆ ಇಲ್ಲಿ ದಪ್ಪಗಿದೆ. ಒಂದು ಚೂರು ತೆಗೆದು ಕಳಿಸೋಣ."
ಮರಗಟ್ಟುವ ಸೂಜಿ. ಕಾಜಾ ತೂತಿನಷ್ಟು ಕೆಲಸ. ಒಂದು ಹೊಲಿಗೆ.
"ಯಾವ ದಾರ?" ಅಂದೆ.
"ತಾನೇ ಕರಗುವಂಥದ್ದು."
ಚಿಕ್ಕಪೇಟೆಯಲ್ಲಿ ಅಂಥದ್ದು ಕಂಡಿಲ್ಲ.

ಹನ್ನೆರಡು ದಿನ ಕಾದೆ.
ಒಬ್ಬಳ ರವಿಕೆಗೆ ಎಡತೋಳು ಬಲಕ್ಕೆ ಹಚ್ಚಿದೆ.
ರಿಪೋರ್ಟು ಬಂತು:
ಕ್ಯಾನ್ಸರ್ ಅಲ್ಲ, ಬಿಟ್ಟರೆ ಆಗಬಹುದು.
ಜಯನಗರದಿಂದ ಮನೆಯವರೆಗೆ
ಖಾಲಿ ಸೀಟಿದ್ದರೂ ನಿಂತೇ ಬಂದೆ.
"ಬಿಟ್ಟರೆ" ಎಂಬ ಮಾತನ್ನು
ಲಾಲ್‌ಬಾಗಿನಲ್ಲಿ ಇಳಿಸಲಾಗಲಿಲ್ಲ, ಮೆಜೆಸ್ಟಿಕ್ಕಿನಲ್ಲೂ.
ಒಂದು ನೂಲು ಬಿಟ್ಟರೆ ಹೊಲಿಗೆ ಎಲ್ಲಿಯವರೆಗೆ ಬಿಚ್ಚುತ್ತದೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಕತ್ತರಿಸಿ ತೆಗೆದರು, ಸುತ್ತ ಮಾರ್ಜಿನ್ ಸೇರಿಸಿ.
ನಾವು ಮಾರ್ಜಿನ್ ಒಳಗೆ ಬಿಡುವವರು,
ಮುಂದೆ ಮೈ ತುಂಬಿಕೊಂಡರೆ ಇರಲಿ ಎಂದು.
ಅವರು ಹೊರಗೆ ತೆಗೆಯುತ್ತಾರೆ,
ಮುಂದೆ ಏನೂ ಇರದಿರಲಿ ಎಂದು.

ಈಗ ಸೋಪಿಲ್ಲ, ಬೇವಿಲ್ಲ, ಬರೀ ನೀರು.
ಮುಲಾಮು ಬಟಾಣಿಗಿಂತ ಚಿಕ್ಕದು,
ಮೂರು ತಿಂಗಳು ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ.
ಬೇರುಸಹಿತ ಹೋಗುವುದಿಲ್ಲವಂತೆ, ಹೇಳಿದ ಮಾತು ಕೇಳುತ್ತದಂತೆ.
ಅಂಟಿಕೊಂಡ ಅಂಚು ಮತ್ತೆ ಬಿಡಲಿಲ್ಲ.
ಹೊಸ ಚೀಟಿ ನೋಡಿ ಅಂಗಡಿಯ ಹುಡುಗ,
"ಇದೂ ಬೆರಳಿಗಾ?"
ಅಲ್ಲಪ್ಪ, ಅಂದೆ. ಎಲ್ಲಿಗೆಂದು ಹೇಳಿದೆ.
ಬಿಲ್ಲು ಬಹಳ ನಿಧಾನವಾಗಿ ಹರಿದ.

ಕನ್ನಡಿ ಒಂದು ಕೊಂಡೆ, ಮಿಷಿನ್ನಿನ ಡ್ರಾಯರಿನಲ್ಲಿ
ಬಾಬಿನ್ನುಗಳ ಜೊತೆ ಇಟ್ಟೆ.
ಅಳತೆ ಪುಸ್ತಕದಲ್ಲಿ
ಕೋದಂಡಮ್ಮನ ಎದೆ ಮೂವತ್ತೆಂಟು, ತೋಳು ಹತ್ತು;
ಅದರ ಕೆಳಗೆ ಬರೆದೆ:
ಮುನಿತಾಯಮ್ಮ. ಎಡಕ್ಕೆ. ಎಂಟು ಮಿಲಿಮೀಟರ್.
ಅಂಚಿನಲ್ಲಿ ಏನೂ ಉಳಿದಿಲ್ಲ. ಮತ್ತೆ ಜೂನ್.

ಮೊಮ್ಮಗಳು ಬೆರಳಿಟ್ಟು ಓದಿ ಕೇಳಿದಳು,
"ಅಜ್ಜೀ, ಇಷ್ಟು ಚಿಕ್ಕ ರವಿಕೆ
ಯಾರಿಗೆ?"